‘ಮನೆವಾರ’ ಎಂಬ ಹೆಸರನ್ನು ಹಿಂದಿರುಗಿಸುವ ಬಗ್ಗೆ

ಪಾಳಿಪಟ್ಟಿ ಬರೆಯುವ ಮಾನ್ಯ ಅಧಿಕಾರಿಗಳೇ,

ವಾರಕ್ಕೆ ಎಂಟು ದಿನ ಎಂದು ತೀರ್ಮಾನಿಸಿದವರು ನೀವು. ಆ ಎಂಟನೆಯ ದಿನಕ್ಕೆ ಹೆಸರು ಕೊಟ್ಟು ಕೆಟ್ಟವನು ನಾನು. ಕೊಟ್ಟ ಹೆಸರನ್ನು ವಾಪಸು ಕೇಳುತ್ತಿದ್ದೇನೆ. ಇದೇ ವಿಷಯವಾಗಿ ಬರೆದ ಮೂರು ಅರ್ಜಿಗಳು ನಿಮ್ಮ ಯಾವ ಕಡತದಲ್ಲಿ ಮಲಗಿವೆಯೋ ತಿಳಿಯದ್ದರಿಂದ ಈ ಸಲ ಎಲ್ಲರೂ ಓದುವಂತೆ ಬರೆದಿದ್ದೇನೆ. ಊರಿನವರು ಕುಡಿಯುವ ನೀರು ನಮ್ಮ ಪಂಪಿನಿಂದಲೇ ಹೋಗುತ್ತದೆ, ಅವರೇನೂ ಪರಕೀಯರಲ್ಲ.

ನೀರು ಶುದ್ಧೀಕರಿಸುವ ನಮ್ಮ ಘಟಕದಲ್ಲಿ ಏಳು ದಿನ ಕೆಲಸ, ಎಂಟನೆಯ ದಿನ ರಜೆ. ನಿಮ್ಮ ಪಟ್ಟಿಯಲ್ಲಿ ಸೋಮವಾರ, ಮಂಗಳವಾರಗಳೇ ಇಲ್ಲ. ಒಂದರಿಂದ ಎಂಟರವರೆಗಿನ ಅಂಕಿಗಳು, ಅಷ್ಟೇ. ಕಾಗದದ ಮೇಲೆ ಬಹಳ ಅಚ್ಚುಕಟ್ಟು. ಈ ಸಲ ಸೋಮವಾರ ಬಿದ್ದ ರಜೆ ಮುಂದಿನ ಸಲ ಮಂಗಳವಾರ, ಆಮೇಲೆ ಬುಧವಾರ. ನನ್ನ ಹೆಂಡತಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಾಳೆ, ಅವಳಿಗೆ ಭಾನುವಾರ ಬಿಡುವು. ಮಗಳಿಗೆ ಆರು ವರ್ಷ, ಅವಳ ಶಾಲೆಗೂ ಅಂದೇ ರಜೆ. ನನ್ನ ರಜೆ ಸರಿದು ಸರಿದು ಭಾನುವಾರವನ್ನು ಮುಟ್ಟಲು ಐವತ್ತಾರು ದಿನ ಬೇಕು. ಅಂದರೆ ಒಂದೇ ಸೂರಿನಡಿಯ ಮೂವರು ವರ್ಷಕ್ಕೆ ಆರೇಳು ಸಲ ಒಂದು ಪೂರ್ತಿ ಹಗಲು ಜೊತೆಗಿರುತ್ತೇವೆ. ಇಷ್ಟವಿಲ್ಲದಿದ್ದರೆ ಬಿಟ್ಟು ಹೋಗು ಎನ್ನುವಿರೋ? ಆ ಸೂರೂ ನಿಮ್ಮದೇ. ಕೆಲಸ ಬಿಟ್ಟ ಮರುದಿನವೇ ಕ್ವಾರ್ಟರ್ಸಿನ ಬೀಗದ ಕೈ ಕೇಳುತ್ತೀರಿ. ದುಡಿತವೂ ಸಂಸಾರವೂ ಒಂದೇ ಕಾಂಪೌಂಡಿನೊಳಗೆ. ಊಟಕ್ಕೆ ಕೂತರೂ ಮೂರನೆಯ ಪಂಪಿನ ಸದ್ದು ಕೇಳುತ್ತದೆ, ಅದು ಸ್ವಲ್ಪ ಏರುಪೇರಾದರೆ ತುತ್ತು ಕೈಯಲ್ಲೇ ನಿಲ್ಲುತ್ತದೆ.

ನಿಮ್ಮ ಪಟ್ಟಿಯನ್ನು ನಾವು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದೇವೆ. ಮಗಳು ದಿನ ಎಣಿಸಲು ಕಲಿತದ್ದು ಅದನ್ನು ನೋಡಿಯೇ. ಶಾಲೆಯಲ್ಲಿ ಏಳು ಹೆಸರು ಕಲಿಸಿದರು, ಬಾಗಿಲ ಮೇಲಿನ ಪಟ್ಟಿಯಲ್ಲಿ ಎಂಟು ಚೌಕದ ಮನೆಗಳಿದ್ದವು. ಟೀಚರು ಒಂದನ್ನು ಮರೆತಿದ್ದಾರೆ ಎಂದುಕೊಂಡು ಪರೀಕ್ಷೆಯಲ್ಲಿ ಶನಿವಾರದ ಕೆಳಗೆ ‘ಮನೆವಾರ’ ಎಂದು ತಾನೇ ಸೇರಿಸಿದಳು, ಅಪ್ಪ ಮನೆಯಲ್ಲಿರುವ ದಿನ. ಟೀಚರು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ತಂದೆಯನ್ನು ಕರೆತರಲು ಹೇಳಿ ಕಳಿಸಿದರು. ಅಂದು ನನಗೆ ನಾಲ್ಕನೆಯ ದಿನ. ಹೆಂಡತಿ ಅರ್ಧ ದಿನ ರಜೆ ಹಾಕಿ ಹೋಗಿ ತಲೆತಗ್ಗಿಸಿ ಬಂದಳು.

ಅದೇ ಹೊತ್ತಿಗೆ ನಿಮ್ಮ ಸುತ್ತೋಲೆ ಬಂತು: ಎಂಟನೆಯ ದಿನಕ್ಕೆ ‘ಉಲ್ಲಾಸದಾಯಕ’ ಹೆಸರು ಸೂಚಿಸಿ, ಬಹುಮಾನ ಗೆಲ್ಲಿರಿ. ಕೆಲಸಗಾರರ ಅಸಮಾಧಾನಕ್ಕೆ ಎಂಥ ಮದ್ದು! ದಿನ ಕೊಡಲಾಗದಿದ್ದರೇನು, ಹೆಸರು ಕೊಡಬಹುದಲ್ಲ? ವಾಲ್ವ್ ತಿರುಗಿಸುವ ನಮ್ಮ ಹಿರಿಯ ಕೆಲಸಗಾರರು, ನಾವೆಲ್ಲ ದೊಡ್ಡಪ್ಪ ಎಂದು ಕರೆಯುವವರು, ‘ಗೊರಕೆವಾರ’ ಎಂದು ಬರೆದು ಹಾಕಿದರು. ನಾನು ಮಗಳ ಉತ್ತರಪತ್ರಿಕೆಯನ್ನೇ, ಕೆಂಪು ಗೆರೆ ಸಮೇತ, ನಿಮ್ಮ ಪೆಟ್ಟಿಗೆಗೆ ಹಾಕಿದೆ. ನೋಡಿ ನಾಚಿಕೊಳ್ಳುತ್ತೀರಿ ಎಂದುಕೊಂಡಿದ್ದೆ. ನೀವು ಮೊದಲ ಬಹುಮಾನ ಕೊಟ್ಟಿರಿ.

ಸಮಾರಂಭ ಯಾವಾಗ? ನೀರು ಸರಬರಾಜಿಗೆ ತೊಂದರೆಯಾಗದಂತೆ ‘ವಿಜೇತರ ಬಿಡುವಿನ ದಿನದಂದೇ’, ಸಮವಸ್ತ್ರದಲ್ಲಿ, ಹಾಜರಿ ಕಡ್ಡಾಯ. ಆ ದಿನ ಭಾನುವಾರವಾಗಿತ್ತು, ಐವತ್ತಾರು ದಿನಕ್ಕೊಮ್ಮೆ ಬರುವ ನನ್ನ ಭಾನುವಾರ. ಮಗಳ ಸೈಕಲ್ಲಿನ ಪಕ್ಕದ ಪುಟ್ಟ ಚಕ್ರಗಳನ್ನು ಬಿಚ್ಚಿ ಓಡಿಸಲು ಕಲಿಸುತ್ತೇನೆಂದು ಮಾತು ಕೊಟ್ಟಿದ್ದೆ. ಅವಳು ಬಾಗಿಲ ಮೇಲಿನ ಪಟ್ಟಿಯಲ್ಲಿ ಒಂದೊಂದೇ ಮನೆಯನ್ನು ಪೆನ್ಸಿಲಿನಿಂದ ಹೊಡೆದು ಹಾಕುತ್ತಿದ್ದಳು.

ಹತ್ತು ಗಂಟೆಯ ಸಭೆಗೆ ಅತಿಥಿಗಳು ಎರಡಕ್ಕೆ ಬಂದರು. ಕುಟುಂಬದ ಮಹತ್ವದ ಮೇಲೆ ನೀವು ಐವತ್ತು ನಿಮಿಷ ಮಾತನಾಡಿದಿರಿ. ಮುಂದಿನ ಸಾಲಿನಲ್ಲಿ ಕೂತು ನಾನೇ ನಿಮಿಷ ಎಣಿಸಿದೆ. ಬಹುಮಾನವಾಗಿ ಕೊಟ್ಟ ಗೋಡೆ ಗಡಿಯಾರ ಹಿಡಿದು ಮನೆ ತಲುಪಿದಾಗ ಸಂಜೆಯಾಗಿತ್ತು. ಪುಟ್ಟ ಚಕ್ರಗಳೆರಡೂ ಮೆಟ್ಟಿಲ ಮೇಲಿದ್ದವು. ಹೆಂಡತಿ ಕೈಗೆ ಅಂಟಿದ ಜಿಡ್ಡು ತೊಳೆಯುತ್ತಿದ್ದಳು. ನನ್ನ ಮುಖ ನೋಡಿ, “ಎಷ್ಟೂಂತ ಕಾಯಿಸೋದು, ನಾನೇ ಬಿಚ್ಚಿದೆ” ಅಂದಳು. ಮಗಳು ಮಂಡಿ ತರಚಿಕೊಂಡು, ಕ್ವಾರ್ಟರ್ಸಿನ ಉದ್ದಕ್ಕೂ ಒಬ್ಬಳೇ ಸೈಕಲ್ ಓಡಿಸುತ್ತಿದ್ದಳು. ಅವಳು ಬೀಳುವುದನ್ನು ನಾನು ನೋಡಲಿಲ್ಲ, ಏಳುವುದನ್ನೂ ನೋಡಲಿಲ್ಲ. ಚಪ್ಪಾಳೆ ತಟ್ಟಿದೆ.

ಈಗ ಹೊಸ ಪಾಳಿಪಟ್ಟಿಯಲ್ಲಿ ಎಂಟನೆಯ ಮನೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಮನೆವಾರ’ ಎಂದು ಅಚ್ಚಾಗಿದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: ಕರೆ ಬಂದಲ್ಲಿ ಹಾಜರಾಗತಕ್ಕದ್ದು. ಮೊನ್ನೆ ಮಗಳಿಗೆ ವಾರದ ದಿನಗಳನ್ನು ಹೇಳು ಎಂದೆ. ತಡವರಿಸದೆ ಏಳು ಹೇಳಿ ನಿಲ್ಲಿಸಿದಳು. ಇನ್ನೊಂದು ಎಲ್ಲಿ ಎಂದು ಕೇಳಿದೆ.

“ಅದು ನಮ್ದಲ್ಲ ಅಪ್ಪ, ನಿಮ್ಮ ಆಫೀಸಿಂದು” ಅಂದಳು.

ಟೀಚರ ಕೆಂಪು ಶಾಯಿಗೂ ಅಳಿಸಲಾಗದ್ದನ್ನು ನೀವು ಬಹುಮಾನ ಕೊಟ್ಟು ಅಳಿಸಿದಿರಿ. ಆದ್ದರಿಂದ ನನ್ನ ಬೇಡಿಕೆ ಇಷ್ಟು. ಪಟ್ಟಿಯಿಂದ ಆ ಹೆಸರನ್ನು ತೆಗೆಯಿರಿ. ನಿಮಗೆ ಬೇಕಿದ್ದರೆ ದೊಡ್ಡಪ್ಪನ ‘ಗೊರಕೆವಾರ’ ಇನ್ನೂ ಪೆಟ್ಟಿಗೆಯಲ್ಲಿದೆ. ತಿಂಗಳಿಗೊಂದಾದರೂ ಭಾನುವಾರವನ್ನು, ಸುತ್ತೋಲೆಯಿಲ್ಲದೆ, ಅತಿಥಿಗಳಿಲ್ಲದೆ, ನಮಗೆ ಬಿಡಿ. ಗಡಿಯಾರವನ್ನು ಇದರೊಂದಿಗೆ ಗೇಟಿನ ಕಾವಲುಗಾರನ ಬಳಿ ಕೊಟ್ಟಿದ್ದೇನೆ. ಚೆನ್ನಾಗಿಯೇ ನಡೆಯುತ್ತದೆ, ನಮ್ಮ ಮನೆಯಲ್ಲಿ ಅದನ್ನು ನೋಡುವವರಿಲ್ಲ. ಮಗಳ ಉತ್ತರಪತ್ರಿಕೆ ಮಾತ್ರ ನನಗೆ ವಾಪಸು ಬೇಕು.

ಇಂತಿ,
ಮೂರನೆಯ ಪಂಪಿನ ಕೆಲಸಗಾರ, ಪ್ರಥಮ ಬಹುಮಾನ ವಿಜೇತ
(ದಿನ: ಐದು. ಹೊರಗೆ ಇವತ್ತು ಯಾವ ವಾರವೋ, ಮಗಳನ್ನು ಕೇಳಬೇಕು.)