ಮೃತರ ಹೆಸರು: ಭಾವುಸಾಹೇಬ

ವೈಭವ,

ನಿನ್ನಂಥ ಹೇಡಿಗೆ ಪತ್ರ ಬರೆಯುವುದೇ ದಂಡ, ಅದೂ ನೀನು ಸತ್ತು ಇಷ್ಟು ವರ್ಷಗಳಾದ ಮೇಲೆ. ಆದರೂ ಇವತ್ತು ನಡೆದದ್ದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಕಬನೂರಿನ ನಿಮ್ಮ ಮನೆಗೆ ಹೋಗಿದ್ದೆ. ನಿಮ್ಮಪ್ಪ ಮಗ್ಗ ನಿಲ್ಲಿಸಿ ಬಂದು, ಹೊತ್ತು ಮುಳುಗುವುದರೊಳಗೆ ಉಣ್ಣಬೇಕೆಂದು ನನ್ನನ್ನೂ ಎಳೆದು ಕೂರಿಸಿದರು. ಊಟವಾದ ಮೇಲೆ ನಿನ್ನ ಪೆಟ್ಟಿಗೆಯಲ್ಲಿ ಸಿಕ್ಕ ಕಾಗದವೊಂದನ್ನು ತಂದರು.

"ಲೈಟ್ ಬಿಲ್ಲಿನ್ಯಾಗ ನೋಡಿ ನೋಡಿ ಇಂಗ್ಲಿಷಿನ್ಯಾಗ ನನ್ನ ಹೆಸರಷ್ಟ ಗೊತ್ತಾಗತೈತಿ. ಉಳದದ್ದು ಏನೈತಿ ನೋಡಪಾ."

ಮಸ್ಕತ್ತಿನಿಂದ ಊರಿಗೆ ಬರುವ ವಿಮಾನಕ್ಕೆ ನೀನು ಕೊಟ್ಟಿದ್ದ ಅರ್ಜಿಯ ನಕಲು ಅದು. ಕೊರೋನಾದಲ್ಲಿ ಗಿರಣಿ ಮುಚ್ಚಿ ನಮ್ಮಿಬ್ಬರ ವೀಸಾ ಮುಗಿದಾಗ, ಮನೆಯಲ್ಲಿ ಸಾವಾದವರಿಗೆ ಮೊದಲ ಸೀಟು ಎಂಬ ನಿಯಮವಿತ್ತಲ್ಲ. ಒಂದು ಸೀಟಿಗಾಗಿ ನೀನು ಗಟ್ಟಿಮುಟ್ಟಾದ ಅಪ್ಪನನ್ನು ಕಾಗದದ ಮೇಲೆ ಸಾಯಿಸಿದೆ. ನಾಲ್ಕು ವಾರ ಕಾಯಲಾಗದ ಗಂಡಸು! ಬರುವಾಗಲೇ ಸೋಂಕು ಹತ್ತಿಸಿಕೊಂಡು ಹನ್ನೆರಡನೇ ದಿನಕ್ಕೆ ನೀನೇ ಹೋದೆ. ನಾನು ಕಾದೆ, ಬದುಕಿದೆ.

"ನಿಮ್ಮನ್ನ ನೋಡಬೇಕು ಅಂತ ಬರದಾನ್ರಿ," ಎಂದೆ.

ಅವರು ಕಾಗದವನ್ನು ಅಂಗೈಯಿಂದ ಸವರಿದರು. "ಅಕ್ಷರ ಭಾಳ ಚಂದ ಅದಾವ. ನಮ್ಮ ವೈಭವನ್ವ ಹೌದಿಲ್ಲೋ?"

"ಹೌದ್ರಿ."

ನಿನಗೆ ಇಂಗ್ಲಿಷಿನಲ್ಲಿ ಸಹಿ ಹಾಕುವುದಷ್ಟೇ ಗೊತ್ತಿತ್ತು. 'ಮೃತರ ಹೆಸರು' ಎಂಬಲ್ಲಿ ನಿಮ್ಮಪ್ಪನ ಹೆಸರನ್ನು ದುಂಡಗೆ ತುಂಬಿಕೊಟ್ಟವನು ನಾನು.