ಇಸ್ತ್ರಿ ಅಕ್ಕನ ಪ್ಯಾರಾಗ್ರಾಫ್

ಡಿಸೆಂಬರ್ ೧೮, ಸೋಮವಾರ
ಬೆಳಿಗ್ಗೆ, ಅಡುಗೆಮನೆಯ ಮೇಜು

ಪ್ರೀತಿಯ ಅತ್ತೆ,

ಮೊದಲೇ ಸಾರಿ. ಕ್ರಿಸ್ಮಸ್ ವಾರದಲ್ಲಿ ನಿಮಗೆ ಕಾಯರ್ ಪ್ರಾಕ್ಟೀಸು, ಸಂಡೇ ಸ್ಕೂಲಿನ ನಾಟಕ ಎಲ್ಲಾ ತಲೆ ಮೇಲಿರುತ್ತೆ ಅಂತ ಗೊತ್ತು. ಅದರ ನಡುವೆ ನಾನು ಬರೆಯಲೇಬಾರದಿತ್ತು, ಅದೂ ಅಪ್ಪನಿಗೆ ಹೇಳದೆ, ಅಪ್ಪನ ಮೇಲ್‌ನಿಂದಲೇ. ಆದರೆ ಇದು ಫೋನಿನಲ್ಲಿ ಆಡುವ ವಿಷಯ ಅಲ್ಲ. ನಿಮ್ಮ ಅಣ್ಣನ ಮನೆಯ ಕಾನೂನು ನಿಮಗೆ ಗೊತ್ತೇ ಇದೆ.

ಮುಖ್ಯವಾದದ್ದನ್ನು ಮೊದಲು ಹೇಳಿಬಿಡ್ತೀನಿ. ನಮ್ಮ ಮನೆಯಿಂದ ನಿಮಗೆ ಬಂದ ಈ ವರ್ಷದ ಪ್ರಾರ್ಥನಾ ಪತ್ರವನ್ನು ಅಲ್ಲಿನ ಚರ್ಚುಗಳಿಗೆ ಕಳಿಸಬೇಡಿ. ಕಳಿಸಿದ್ದರೆ ವಾಪಸ್ ತರಿಸಿ. ಇಪ್ಪತ್ತನಾಲ್ಕರ ಸಂಜೆ ಯಾರೂ ಅದನ್ನು ಗಟ್ಟಿಯಾಗಿ ಓದಬಾರದು.

ಯಾಕೆ ಅಂತ ಹೇಳ್ತೀನಿ. ಬೈಯುವುದಾದರೆ ಕೊನೆವರೆಗೆ ಓದಿ ಬೈಯಿರಿ, ಪ್ಲೀಸ್.

ತಮ್ಮವರಿಗೆ ಯೇಸುವಿನ ಸುದ್ದಿ ಹೇಳಲು ಬಿಡದ ಈ ದೇಶದವರ ಲೆಕ್ಕದಲ್ಲಿ ಅಪ್ಪ ಟೆಕ್ನಿಕಲ್ ಸ್ಕೂಲಿನಲ್ಲಿ ಪಂಪ್ ರಿಪೇರಿ ಕಲಿಸುವ ಮೇಷ್ಟ್ರು, ಅಮ್ಮ ಕ್ಲಿನಿಕ್ಕಿನ ನರ್ಸು, ಅಷ್ಟೇ. ಭಾನುವಾರ ಮಾತ್ರ ಪರದೆ ಎಳೆದು, ಅಮ್ಮ ಖಾಲಿ ವಾಷಿಂಗ್ ಮೆಷಿನ್ ಆನ್ ಮಾಡಿದ ಮೇಲೆ, ಅದರ ಗಡಗಡದ ಅಡಿಯಲ್ಲಿ ಎಂಟು ಜನ ಮೆಲ್ಲಗೆ ಹಾಡ್ತಾರೆ. ಮೊನ್ನೆ ಕೆಳಗಿನ ಮನೆಯ ತಾತ ಅಪ್ಪನನ್ನು ಮೆಟ್ಟಿಲಲ್ಲೇ ನಿಲ್ಲಿಸಿ, ಏನ್ ಮೇಷ್ಟ್ರೇ, ಇರೋದೇ ಮೂರು ಜನ, ಇಷ್ಟೊಂದು ಬಟ್ಟೆ ಹೇಗೆ ಕೊಳೆ ಮಾಡ್ತೀರಿ ಅಂತ ಕೇಳಿದನಂತೆ. ಅಪ್ಪ ಅಲ್ಲಿ ನಕ್ಕು, ಮೇಲೆ ಬಂದು ಎರಡು ಲೋಟ ನೀರು ಕುಡಿದರು.

ಆ ಎಂಟು ಜನರಲ್ಲಿ ಒಬ್ಬಳು ಇಸ್ತ್ರಿ ಅಕ್ಕ. ಎದುರಿನ ಲಾಂಡ್ರಿಯಲ್ಲಿ ಕೆಲಸ. ಬಟ್ಟೆ ತಲುಪಿಸುವ ನೆಪದಲ್ಲಿ ಬುಟ್ಟಿ ಹಿಡಿದು ಹಿಂದಿನ ಮೆಟ್ಟಿಲಿನಿಂದ ಬರ್ತಾಳೆ. ಗಂಡ ಬಸ್ ಡ್ರೈವರ್, ಅವನಿಗೆ ಇದು ಗೊತ್ತಿಲ್ಲ. ಗೊತ್ತಾದರೆ ಇವಳನ್ನು ಮನೆಯಿಂದ ಹಾಕಿ, ಎರಡು ವರ್ಷದ ಮಗಳನ್ನು ತಾನಿಟ್ಟುಕೊಳ್ತಾನೆ. ಇಲ್ಲಿ ಕೋರ್ಟೂ ಅವನ ಕಡೆಗೇ ನಿಲ್ಲುತ್ತೆ ಅಂತಾರೆ ಅಮ್ಮ.

ಪತ್ರದಲ್ಲಿ ಅವಳ ಬಗ್ಗೆ ಅಪ್ಪ ಬರೆದದ್ದು, ಪ್ರತಿ ವರ್ಷದ ಧಾಟಿಯಲ್ಲೇ, ಒಂದೇ ಸಾಲು: ಇಲ್ಲಿನ ಒಬ್ಬ ಸ್ನೇಹಿತೆಗಾಗಿ ಪ್ರಾರ್ಥಿಸಿ. ರಜೆಗೆ ಬಂದಿದ್ದ ನಾನು, ಏನಪ್ಪಾ ಇದು, ಹಾಸ್ಟೆಲ್ ನೋಟಿಸ್ ಬೋರ್ಡ್ ಇದ್ದ ಹಾಗಿದೆ, ಇದಕ್ಕೆ ಯಾರ ಕಣ್ಣಲ್ಲಿ ನೀರು ಬರುತ್ತೆ ಅಂತ ಕೇಳಿದೆ. ಹಾಗಾದರೆ ನೀನೇ ಚೆಂದ ಮಾಡಮ್ಮ ಕಾಲೇಜು ಹುಡುಗಿ ಅಂದರು. ನಮ್ಮ ಇಂಗ್ಲಿಷ್ ಮಿಸ್ ಫಸ್ಟ್ ಇಯರ್‌ಗೆಲ್ಲ ಹೇಳೋದು ಒಂದೇ, ಡೀಟೇಲ್ ಕೊಡಿ. ಕೊಟ್ಟೆ. ಲಾಂಡ್ರಿ, ಬುಟ್ಟಿ, ಹಿಂದಿನ ಮೆಟ್ಟಿಲು, ಎಡಗೈಯ ಸುಟ್ಟ ಎರಡು ಬೆರಳು, ಗಂಡನ ಬಸ್ಸು. ಇಂಥದ್ದೆಲ್ಲ ಬರೆಯಬಾರದು ಅಂತ ನನಗೆ ಯಾರೂ ಹೇಳಿರಲಿಲ್ಲ.

ನಿಮ್ಮ ಜೊತೆ ಕೂತು ಪತ್ರಗಳನ್ನು ಮಡಿಸಿ ಕವರಿಗೆ ಹಾಕುವ ಟೀಚರಮ್ಮ ಇದ್ದಾರಲ್ಲ, ಅವರ ಮಗ ಎಲೆಕ್ಟ್ರಿಷಿಯನ್ ಇಲ್ಲೇ ಇರೋದು. ಬಸ್ ಡಿಪೋದಲ್ಲಿ. ಶುಕ್ರವಾರ ಜ್ವರ ಅಂತ ಕ್ಲಿನಿಕ್ಕಿಗೆ ಬಂದವನು ಅಮ್ಮನಿಗೆ ಹೇಳಿದ್ದು ಕೇಳಿ: ಸಿಸ್ಟರ್, ನಿಮ್ಮ ಲೆಟರ್ ನಮ್ಮಮ್ಮ ಫೋನಿನಲ್ಲಿ ಪೂರ್ತಿ ಓದಿದರು, ಓದ್ತಾ ಓದ್ತಾ ಅತ್ತೇಬಿಟ್ಟರು, ಆ ಇಸ್ತ್ರಿಯವರು ನಮ್ಮ ಹನ್ನೆರಡನೇ ನಂಬರ್ ಬಸ್ಸಿನವನ ಮನೆಯವರೇ ಅಲ್ವಾ, ಎಂಥ ಒಳ್ಳೇ ಸುದ್ದಿ, ಸಿಕ್ಕಿದಾಗ ಅವನಿಗೆ ಕಂಗ್ರಾಟ್ಸ್ ಹೇಳ್ತೀನಿ.

ಪಾಪ, ಗಂಡನಿಗೂ ಗೊತ್ತಿದೆ ಅಂತಲೇ ಅವನು ತಿಳಿದದ್ದು.

ಅಮ್ಮ ಥರ್ಮಾಮೀಟರ್ ಒರೆಸ್ತಾ, ಅಯ್ಯೋ ಮಾರಾಯ, ಅದು ನನ್ನ ಮಗಳು ಕಟ್ಟಿದ ಕಥೆ, ಅವಳಿಗೆ ರೈಟರ್ ಆಗೋ ಹುಚ್ಚು ಅಂತ ನಕ್ಕರಂತೆ. ಹೌದಾ ಅಂದನಂತೆ ಅವನು. ಆ ಹೌದಾ ಎಂಥದ್ದು ಅಂತ ಅಮ್ಮನಿಗೆ ಇನ್ನೂ ಗೊತ್ತಾಗಿಲ್ಲ. ಅದೇ ಸಂಜೆ ಅವನು ಬೇರೆ ಊರಿನ ಡಿಪೋ ಕೆಲಸಕ್ಕೆ ಹೋದ. ಗುರುವಾರ ಬರ್ತಾನೆ.

ನಿನ್ನೆ ಅಕ್ಕ ಬಂದಳು. ಮೆಷಿನ್ ಶುರುವಾಗುವ ಮೊದಲೇ ಅಮ್ಮ ಎಲ್ಲ ಹೇಳಿದರು. ಅಳ್ತಾಳೆ, ನನಗೆ ಹೊಡೀತಾಳೆ ಅಂದುಕೊಂಡಿದ್ದೆ. ಅವಳು ಬುಟ್ಟಿ ಕೆಳಗಿಟ್ಟು, ನನ್ನ ಬಗ್ಗೆ ಅಷ್ಟೊಂದು ಬರೆದಿದ್ದಾಳಾ, ಓದಿ ಹೇಳು ಅಂದಳು. ನಾನು ಒಂದೊಂದೇ ಸಾಲು ಓದಿದೆ, ಅಮ್ಮ ಅವಳ ಭಾಷೆಯಲ್ಲಿ ಹೇಳ್ತಾ ಹೋದರು. ಬೆರಳಿನ ಸಾಲು ಬಂದಾಗ ಕೈ ಬಿಚ್ಚಿ ತೋರಿಸಿದಳು. ಎರಡಲ್ಲ, ಮೂರು. ನನಗೆ ನಗು ಬಂತು, ಅವಳಿಗೂ. ಮುಂದಿನ ಸಾಲು, “ಅಮ್ಮ ಅವಳ ತಲೆ ಬಾಚಿ, ಮಗಳೇ ಎಂದು ಕರೆಯುತ್ತಾರೆ.” ಅಮ್ಮ ಅದನ್ನು ಹೇಳಲಿಲ್ಲ. ನನ್ನನ್ನು ನೋಡಿದರು, ಮುಂದೆ ಓದು ಅಂದರು. ಯಾಕೆ ಬಿಟ್ಟೆ, ಏನಿದೆ ಅಲ್ಲಿ ಅಂತ ಅಕ್ಕ ಎರಡು ಸಲ ಕೇಳಿದಳು.

ಆಮೇಲೆ ಕೇಳಿದಳು, ಇದನ್ನು ಎಷ್ಟು ಜನ ಓದ್ತಾರೆ ಅಂತ. ನಲವತ್ತು ಚರ್ಚು ಅಂದೆ. ಅವಳ ಮುಖ ಅಷ್ಟೂ ಹೊತ್ತಿನಲ್ಲಿ ಆಗ ಮೊದಲ ಸಲ ಬಿಳಿಚಿಕೊಂಡಿತು. ಹಬ್ಬಕ್ಕೆ ಬರಲ್ಲ, ಮಗುವನ್ನು ಬಿಟ್ಟು ಎಲ್ಲೂ ಬರಲ್ಲ ಅಂತ ಹೊರಟೇಬಿಟ್ಟಳು. ಹಾಡಲಿಲ್ಲ ಯಾರೂ. ಮೆಷಿನ್ ಮಾತ್ರ ಸುಮ್ಮನೆ ತಿರುಗ್ತಾ ಇತ್ತು.

ರಾತ್ರಿ ಜಗಳವಾಡಿದ ಮೇಲೆ ಅಪ್ಪ ಅಮ್ಮ ಮಾತಾಡ್ತಿಲ್ಲ. ಸತ್ಯ ಹೇಳೋಕೆ ಇಷ್ಟು ದೂರ ಬಂದು ನೀನು ಕಥೆ ಅಂದೆಯಲ್ಲ, ಗುರುವಾರ ನಾನೇ ಹೋಗಿ ಆ ಹುಡುಗನಿಗೆ ನಿಜ ಹೇಳಿ ಬಾಯಿ ಮುಚ್ಚಿಕೊಂಡಿರು ಅಂತ ಬೇಡ್ತೀನಿ ಅಂದರು ಅಪ್ಪ. ಅವನ ಹೊಟ್ಟೆಯಲ್ಲಿ ಅವನ ಸಂಬಳದ ಗುಟ್ಟೇ ನಿಲ್ಲಲ್ಲ, ಮಗು ಹೋದಮೇಲೆ ನಿಮ್ಮ ಸತ್ಯ ತಗೊಂಡು ನಾನೇನು ಮಾಡಲಿ ಅಂದರು ಅಮ್ಮ. ಇಬ್ಬರೂ ನನಗೆ ಮಾತ್ರ ತಟ್ಟೆ ಹಾಕಿ ಕೊಡ್ತಾರೆ.

ಅದಕ್ಕೇ ನಿಮಗೆ ಬರೆದೆ. ಅವನು ಅಪ್ಪನಿಗೂ ಹೆದರಲ್ಲ, ಅಮ್ಮನಿಗೂ ಹೆದರಲ್ಲ, ತಾಯಿಗೆ ಹೆದರ್ತಾನೆ. ನೀವು ಟೀಚರಮ್ಮನ ಮನೆಗೆ ನೀವೇ ಹೋಗಿ. ಗುರುವಾರದೊಳಗೆ ಅವರು ಮಗನಿಗೆ ಇಷ್ಟೇ ಹೇಳಲಿ, ನರ್ಸಮ್ಮನ ಮನೆ ಪತ್ರದ ವಿಷಯ ಡಿಪೋದಲ್ಲಿ ಎತ್ತಬೇಡ, ನನ್ನಾಣೆ ಅಂತ. ನಿಜವೋ ಕಥೆಯೋ ಅನ್ನೋ ಮಾತೇ ಬೇಡ. ಆಗ ಅಪ್ಪನೂ ಹೋಗಬೇಕಾಗಿಲ್ಲ.

ಇದು ಸುಳ್ಳಾಗುತ್ತಾ, ಅತ್ತೆ? ನನಗೆ ಗೊತ್ತಾಗ್ತಿಲ್ಲ.

ಇಂತಿ,
ನಿಮ್ಮ ಚಿಳ್ಳೆ

ತಾ.ಕ.: ಯಾರೂ ಹೇಳಿರಲಿಲ್ಲ ಅಂತ ಮೇಲೆ ಬರೆದದ್ದು ಸುಳ್ಳು. ಅಳಿಸೋಣ ಅಂದುಕೊಂಡೆ, ಇರಲಿ. ನನ್ನ ಪ್ಯಾರಾಗ್ರಾಫನ್ನು ಅಪ್ಪ ಕೆಂಪು ಪೆನ್ಸಿಲ್‌ನಲ್ಲಿ ಪೂರ್ತಿ ಹೊಡೆದುಹಾಕಿ, ಚೆಂದ ಇದೆ ಮಗಾ, ಅದಕ್ಕೇ ಅಪಾಯ ಅಂದಿದ್ದರು. ಅವರು ಕ್ಲಾಸಿಗೆ ಹೋದಮೇಲೆ ನಾನು ಮತ್ತೆ ಟೈಪ್ ಮಾಡಿ ನಿಮಗೆ ಕಳಿಸಿದೆ. ಹಳೆಯ ಪತ್ರಗಳ ಫೈಲ್ ಅವತ್ತೇ ನೋಡಿದ್ದೆ. ಹದಿಮೂರು ವರ್ಷ, ಹದಿಮೂರು ಪತ್ರ, ಎಲ್ಲದರಲ್ಲೂ ನನ್ನ ಬಗ್ಗೆ ಅದೇ ಒಂದು ಸಾಲು: ಮಗಳು ಹಾಸ್ಟೆಲ್‌ನಲ್ಲಿ ಕ್ಷೇಮ. ಅಕ್ಕನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಇದು ಅಮ್ಮನಿಗೆ ಅರ್ಥ ಆಗಿದೆ, ಅಪ್ಪನಿಗೆ ನಾನೇ ಹೇಳ್ತೀನಿ. ನೀವು ಟೀಚರಮ್ಮನ ಮನೆಗೆ ಹೋಗಿಬಂದ ತಕ್ಷಣ ಉತ್ತರ ಬರೆಯಿರಿ. ಇವತ್ತೇ.