ಬೆರಳುದ್ದದ ಪೈಪು

ಮಾರ್ಚ್ ೧೧, ಬುಧವಾರ

ಜ್ವರ ಬಿಟ್ಟು ತಿಂಗಳಾಯಿತು; ಮೂಗಿಗೆ ಇನ್ನೂ ಯಾವ ವಾಸನೆಯೂ ಹತ್ತುತ್ತಿಲ್ಲ. ಯಾರಿಗೂ ಹೇಳಿಲ್ಲ. ಮೂಗಿನಿಂದಲೇ ಗಾಡಿಯ ರೋಗ ಪತ್ತೆ ಹಚ್ಚುವ ಮೆಕ್ಯಾನಿಕ್ ಎಂಬ ಹೆಸರಿದೆಯಲ್ಲ.

ಸಂಜೆ ಮೇಷ್ಟ್ರು ತಮ್ಮ ಹಳೇ ಕಾರು ತಂದಿದ್ದರು. ವಿಪರೀತ ಪೆಟ್ರೋಲ್ ಕುಡಿಯುತ್ತದಂತೆ. ಫ್ಯೂಯೆಲ್ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪು ಕಿತ್ತು ಮೂಸಿದೆ. ಪೆಟ್ರೋಲ್ ವಾಸನೆ ಬಂದರೆ ರೆಗ್ಯುಲೇಟರ್ ಒಳಗೆ ಹರಿದಿದೆ ಎಂದರ್ಥ; ಹಾಗೇ ಓಡಿಸಿದರೆ ದಾರಿಯಲ್ಲಿ ಗಾಡಿ ನಿಂತುಬಿಡಬಹುದು, ಬೆಂಕಿಯೂ ಹತ್ತಬಹುದು. ಬರಲಿಲ್ಲ. ಬರುವುದಾದರೂ ಎಲ್ಲಿಂದ? ಪೆಟ್ರೋಲಿನ ಒತ್ತಡ ಅಳೆಯುವ ಗೇಜು ಹಾಕಿ ನೋಡಬಹುದಿತ್ತು. ಅವರು ಎದುರಿಗೇ ನಿಂತಿದ್ದರು. ಇದ್ದ ಹೆಸರು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಪೈಪಿನ ಬಿರುಕು ಬಿಟ್ಟ ತುದಿ ಕತ್ತರಿಸಿ ಜೇಬಿಗೆ ಹಾಕಿಕೊಂಡು, ಉಳಿದದ್ದನ್ನು ಸಿಕ್ಕಿಸಿದೆ.

"ರಾತ್ರಿ ಮೊಮ್ಮಗಳನ್ನ ಕರ್ಕೊಂಡು ಘಾಟಿ ಇಳೀಬೇಕಪ್ಪ. ಪರವಾಗಿಲ್ವಾ?"

"ನಿಶ್ಚಿಂತೆಯಾಗಿ ಹೋಗಿ ಮೇಷ್ಟ್ರೇ. ನಾನೇ ಮೂಸಿ ನೋಡಿದೀನಲ್ಲ."

ರಾತ್ರಿ ಮನೆಗೆ ಬಂದ ಮೇಲೆ, ಒಗೆಯಲು ನನ್ನ ಅಂಗಿ ಎತ್ತಿಕೊಂಡ ಹೆಂಡತಿ, ಜೇಬಿನಿಂದ ಆ ಬೆರಳುದ್ದದ ತುಂಡು ತೆಗೆದು ಮುಖ ಸಿಂಡರಿಸಿದಳು. "ಏನ್ರೀ ಇದು, ಈ ಪಾಟಿ ಪೆಟ್ರೋಲ್ ನಾತ?"

ಹನ್ನೊಂದು ಸಲ ಫೋನ್ ಮಾಡಿದೆ. ರಿಂಗ್ ಆಗುತ್ತದೆ, ಮೇಷ್ಟ್ರು ಎತ್ತುತ್ತಿಲ್ಲ. "ಗಾಡಿ ಓಡಿಸ್ತಿರ್ತಾರೆ, ಮಲಕ್ಕೊಳ್ಳಿ" ಎನ್ನುತ್ತಾಳೆ ಇವಳು. ಮೂಗಿನ ವಿಷಯ ಇವಳಿಗೂ ಹೇಳಿಲ್ಲ.

ತುಂಡು ಈ ಪುಸ್ತಕದ ಪಕ್ಕದಲ್ಲೇ ಇದೆ. ಈಗ ಮತ್ತೆ ಮೂಸಿ ನೋಡಿದೆ. ಏನೂ ಇಲ್ಲ.